ತಗ್ಗಿದ ಕಾರು, ತಗ್ಗದ ತಲೆ

(ಹಾಸ್ಟೆಲ್ ಗೆಳೆಯರ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ಇವತ್ತು ನಾವು ಮಾತಾಡೋಕೆ ಹೊರಟಿರೋದು ಕಾರಿನ ಬಗ್ಗೆ. ನಗಬೇಡಿ. ಬಸ್ ಪಾಸಿಗೆ ಕ್ಯೂ ನಿಲ್ಲೋ ನಮಗೆ, ಹಬ್ಬಕ್ಕೆ ಊರಿಗೆ ಹೋಗಬೇಕಾದರೆ ಟೆಂಪೋ ಹಿಂದೆ ಜೋತುಬೀಳೋ ನಮಗೆ, ಕಾರಿನ ಮಾತು ಯಾಕೆ ಅಂತ ನೀವು ಕೇಳಬಹುದು. ಕೇಳಲೇಬೇಕು. ಇದು ಸಾಹುಕಾರರ ಕಾರಿನ ಕಥೆ ಆಗಿದ್ದರೆ ನಾವೂ ಎದ್ದು ಹೋಗ್ತಿದ್ದೆವು. ಸಾಹುಕಾರರು ಓಡಿಸಿ ಸವೆಸಿ ಮಾರಿದ ಮೇಲೆ, ಮೂರನೇ ಕೈಗೋ ನಾಲ್ಕನೇ ಕೈಗೋ ಬಂದ ಹಳೇ ಕಾರನ್ನ ಕೂಲಿಕಾರರ ಮಕ್ಕಳು ಏನು ಮಾಡಿದರು ಅನ್ನೋದು ಈ ಕಥೆ. ನಡೆದದ್ದು ಅಮೆರಿಕಾದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಅದರ ಸುತ್ತಲ ಸೀಮೆಯಲ್ಲಿ. ಆ ಕಾರಿಗೆ ಲೋರೈಡರ್ ಅಂತಾರೆ. ತಗ್ಗಾಗಿ ಹೋಗುವಂಥದ್ದು ಅಂತ ಅರ್ಥ. ಕಾರಿಗೂ ಅದೇ ಹೆಸರು, ಅದನ್ನ ಓಡಿಸೋನಿಗೂ ಅದೇ ಹೆಸರು.

ಅಮೆರಿಕಾದ ಕಪ್ಪು ಜನರ ಹೋರಾಟ ನಮಗೆ ಗೊತ್ತು. 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ್ ಪ್ಯಾಂಥರ್ಸ್ ತನ್ನ ಹೆಸರನ್ನೇ ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಪಡೆಯಿತು. ಆದರೆ ಆ ಕಪ್ಪು ಜನರ ಪಕ್ಕದ ಬೀದಿಯಲ್ಲೇ ಬದುಕಿದ ಇನ್ನೊಂದು ಜನ ಇದಾರೆ. ಮೆಕ್ಸಿಕೋ ಮೂಲದ ಕಂದು ಬಣ್ಣದ ಜನ. ತಮ್ಮನ್ನ ತಾವು ಚಿಕಾನೋಗಳು ಅಂತ ಕರೆದುಕೊಂಡರು. ಆ ಹೆಸರೂ ಮೊದಲು ಬೈಗುಳದ ಹಾಗೆ ಬಳಕೆಯಲ್ಲಿದ್ದದ್ದೇ. ಬೈಗುಳವನ್ನ ಎತ್ತಿ ಎದೆಗೆ ಅಂಟಿಸಿಕೊಂಡರು. ಇದರ ಅರ್ಥ ನಿಮಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಆ ಕಾರನ್ನ ಕಣ್ಣ ಮುಂದೆ ತಂದುಕೊಳ್ಳಿ. ಭಾನುವಾರದ ಸಂಜೆ, ಅಗಲವಾದ ರಸ್ತೆ. 17 ಅಡಿಗೂ ಉದ್ದವಾದ ಒಂದು ಹಳೇ ಷೆವರ್ಲೆ ಇಂಪಾಲ ಬರ್ತಾ ಇದೆ. ಹೊಟ್ಟೆ ನೆಲಕ್ಕೆ ತಾಗಿತೋ ಏನೋ ಅನ್ನೋ ಹಾಗಿದೆ. ಚಕ್ರಗಳು ಚಿಕ್ಕವು, ತಂತಿ ಕಡ್ಡಿಯವು, ಫಳಫಳ ಅಂತಾವೆ. ಮೈಯ ಬಣ್ಣ ಪೆಪ್ಪರಮೆಂಟಿನ ಹಾಗೆ, ಒಳಗಿನಿಂದ ಬೆಳಕು ಬಂದ ಹಾಗೆ. ವೇಗ ಎಷ್ಟು? ಸೈಕಲ್ ತುಳಿಯೋನು ದಾಟಿ ಹೋಗಬಹುದು. ಒಳಗೆ ಕೂತೋನಿಗೆ ಎಲ್ಲಿಗೂ ಹೋಗೋ ಅವಸರ ಇಲ್ಲ. ಅವನು ಹೊರಟಿರೋದು ಕಾಣಿಸಿಕೊಳ್ಳೋಕೆ.

ಬಿಳಿಯರ ಹುಡುಗರೂ ಆ ಕಾಲದಲ್ಲಿ ಹಳೇ ಕಾರು ತಿದ್ದುತ್ತಿದ್ದರು. ಅವರದ್ದು ಹಾಟ್ ರಾಡ್. ತೂಕ ಇಳಿಸಿ, ಇಂಜಿನ್ನಿನ ಶಕ್ತಿ ಏರಿಸಿ, ಯಾರು ಮೊದಲು ಅಂತ ಪಂದ್ಯ ಕಟ್ಟೋದು. ಚಿಕಾನೋ ಹುಡುಗರು ಇದನ್ನ ತಿರುವುಮುರುವು ಮಾಡಿದರು. ಅವರು ವೇಗ ಅಂದಲ್ಲಿ ಇವರು ನಿಧಾನ ಅಂದರು. ಅವರು ಎತ್ತರ ಅಂದಲ್ಲಿ ಇವರು ತಗ್ಗು ಅಂದರು. 'ತಗ್ಗಾಗಿ, ನಿಧಾನವಾಗಿ' ಅನ್ನೋದು ಇವತ್ತಿಗೂ ಅವರ ಬಾಯಲ್ಲಿರೋ ಮಾತು.

ಇದು ಬರೀ ಶೋಕಿಯೇ? ಅದಕ್ಕೆ ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕ್ಯಾಲಿಫೋರ್ನಿಯಾ ಒಂದು ಕಾಲಕ್ಕೆ ಮೆಕ್ಸಿಕೋ ದೇಶದ ನೆಲ. 1846ರಿಂದ 1848ರವರೆಗೆ ನಡೆದ ಯುದ್ಧದಲ್ಲಿ ಅಮೆರಿಕಾ ಅದನ್ನ ಕಿತ್ತುಕೊಂಡಿತು. ನೆಲದ ಮೇಲೆ ಮೊದಲೇ ಇದ್ದ ಜನ ಒಂದೇ ಒಪ್ಪಂದದಲ್ಲಿ ಪರದೇಶದವರಾದರು. ಆಮೇಲೆ ಗಡಿ ದಾಟಿ ಕೂಲಿಗೆ ಬಂದವರೂ ಅವರ ಜೊತೆ ಸೇರಿದರು. ಕಿತ್ತಲೆ ತೋಟ, ದ್ರಾಕ್ಷಿ ತೋಟ, ರೈಲು ಹಳಿ, ಇಟ್ಟಿಗೆ ಗೂಡು – ಕೆಲಸಕ್ಕೆ ಅವರು ಬೇಕು. ಹೋಟೆಲಿನ ಒಳಗೆ, ಈಜುಕೊಳದ ಒಳಗೆ ಬೇಡ. ಅವರ ಮಕ್ಕಳಿಗೆ ಬೇರೆ ಶಾಲೆ. ಆ ಶಾಲೆಗಳ ವಿರುದ್ಧ ಕೆಲವು ಕುಟುಂಬಗಳು ಕೋರ್ಟಿಗೆ ಹೋಗಿ 1947ರಲ್ಲಿ ಗೆದ್ದವು. ಅದೇ ವರ್ಷ ನಮಗೆ ಸ್ವಾತಂತ್ರ್ಯ ಬಂತು ಅಂತಾರೆ.

1943ರ ಜೂನ್ ತಿಂಗಳನ್ನೂ ನೆನಪಿಡಿ. ಆಗ ಚಿಕಾನೋ ಹುಡುಗರು ಒಂದು ಥರದ ಸೂಟು ತೊಡ್ತಿದ್ದರು. ಭುಜ ಅಗಲ, ಕೋಟು ಮೊಣಕಾಲವರೆಗೆ, ಪ್ಯಾಂಟು ಮೇಲೆ ಸಡಿಲ, ಕೆಳಗೆ ಬಿಗಿ. ಜೂಟ್ ಸೂಟ್ ಅಂತ ಹೆಸರು. ಯುದ್ಧಕಾಲದಲ್ಲಿ ಇಷ್ಟು ಬಟ್ಟೆ ಇವರಿಗ್ಯಾಕೆ ಅಂತ ಬಿಳಿಯರಿಗೆ ಉರಿ. ಲಾಸ್ ಏಂಜಲೀಸ್‌ನಲ್ಲಿ ನೌಕಾಪಡೆಯವರು, ಸೈನಿಕರು ಗುಂಪುಗುಂಪಾಗಿ ಬೀದಿಗಿಳಿದರು. ಸಿನಿಮಾ ಥಿಯೇಟರಿಂದ, ಟ್ರಾಮಿನಿಂದ ಹುಡುಗರನ್ನ ಎಳೆದು ಹೊಡೆದರು. ಮೈಮೇಲಿನ ಸೂಟು ಹರಿದು ಹಾಕಿದರು. ದಿನಗಟ್ಟಲೆ ಇದು ನಡೆಯಿತು. ಪೊಲೀಸರು ಹಿಡಿದು ಒಳಗೆ ಹಾಕಿದ್ದು ಬಹುಮಟ್ಟಿಗೆ ಹೊಡೆತ ತಿಂದವರನ್ನೇ.

ಯುದ್ಧ ಮುಗೀತು. ಸೈನ್ಯಕ್ಕೆ ಹೋಗಿದ್ದ ಚಿಕಾನೋ ಹುಡುಗರೂ ವಾಪಸು ಬಂದರು. ಕೈಗೆ ನಾಲ್ಕು ಕಾಸು ಬಂತು. ಹಳೇ ಕಾರು ಅಗ್ಗಕ್ಕೆ ಸಿಗ್ತಿತ್ತು. ಹೊಸದು ಕೊಳ್ಳೋಕೆ ಆಗದವನು ಹಳೆಯದನ್ನ ಕೊಂಡ. ಕೊಂಡು ಅದರ ಡಿಕ್ಕಿಗೆ ಮರಳಿನ ಮೂಟೆ, ಸಿಮೆಂಟಿನ ಮೂಟೆ ಹೇರಿದ. ಕಾರಿನ ಹಿಂಭಾಗ ನೆಲಕ್ಕೆ ಇಳೀತು. ಇಷ್ಟೇ, ಶುರುವಾದದ್ದು ಇಷ್ಟರಿಂದ. ಆಮೇಲೆ ಕೆಲವರು ಕಾಯಿಲ್ ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸಿದರು. ಕೆಲವರು ಗ್ಯಾಸ್ ಬೆಂಕಿಯಲ್ಲಿ ಸ್ಪ್ರಿಂಗ್ ಕಾಯಿಸಿ ಕೂರಿಸಿದರು.

ಈ ಕೆಲಸ ಅವರಿಗೆ ಎಲ್ಲಿಂದ ಬಂತು? ಇಲ್ಲಿ ಹಾಸ್ಟೆಲ್ ಹುಡುಗರು ಗಮನ ಕೊಡಬೇಕು. ಲಾಸ್ ಏಂಜಲೀಸ್‌ನ ಪೂರ್ವ ಭಾಗದ ಹೈಸ್ಕೂಲುಗಳಲ್ಲಿ ಚಿಕಾನೋ ಮಕ್ಕಳಿಗೆ ಕಾಲೇಜಿನ ದಾರಿಯನ್ನೇ ತೋರಿಸ್ತಿರಲಿಲ್ಲ. ನಿನಗೆ ಓದು ಯಾಕೆ, ಕೈಕೆಲಸ ಕಲಿ ಅಂತ ಮೋಟಾರು ರಿಪೇರಿ ತರಗತಿಗೋ ಮರಗೆಲಸದ ತರಗತಿಗೋ ಕಳಿಸೋರು. ಶಾಲೆಯಲ್ಲಿ ಸ್ಪ್ಯಾನಿಷ್ ಮಾತಾಡಿದರೆ ಶಿಕ್ಷೆ. ಇದರ ವಿರುದ್ಧವೇ 1968ರ ಮಾರ್ಚಿನಲ್ಲಿ ಸಾವಿರಾರು ಮಕ್ಕಳು ತರಗತಿ ಬಿಟ್ಟು ಬೀದಿಗೆ ಬಂದರು. ನಮ್ಮ ಚರಿತ್ರೆ ಕಲಿಸಿ, ನಮ್ಮ ನುಡಿಯಲ್ಲಿ ಕಲಿಸಿ, ನಮ್ಮನ್ನೂ ಕಾಲೇಜಿಗೆ ಕಳಿಸಿ ಅಂತ ಕೇಳಿದರು.

ಕೂಲಿ ಎಲ್ಲಿತ್ತು? ಟೈರು ಕಾರ್ಖಾನೆ, ಉಕ್ಕಿನ ಕಾರ್ಖಾನೆ, ಕಾರಿನ ಕಾರ್ಖಾನೆ. ಸೌತ್ ಗೇಟ್‌ನಲ್ಲಿ, ವ್ಯಾನ್ ನೈಸ್‌ನಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ದೊಡ್ಡ ಘಟಕಗಳಿದ್ದವು. ಮೊದಲನೆಯದು 1982ರಲ್ಲಿ, ಎರಡನೆಯದು 1992ರಲ್ಲಿ ಮುಚ್ಚಿದವು. ಹಗಲು ಅಲ್ಲಿ ಬೇರೆಯವರಿಗೆ ಹೊಸ ಕಾರು ಜೋಡಿಸಿದ ಕೈಯೇ ರಾತ್ರಿ ಮನೆ ಮುಂದೆ ತನ್ನ ಹಳೇ ಕಾರಿಗೆ ಜಾಕಿ ಕೊಡುತ್ತಿತ್ತು. ನಿನಗೆ ಸ್ಪ್ಯಾನರೇ ಸಾಕು ಅಂತ ಕೊಟ್ಟ ಸ್ಪ್ಯಾನರನ್ನ ಅವರು ಕುಂಚ ಮಾಡಿಕೊಂಡರು. ಇದು ನಾವು ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅಂತ ತಿಳಿದಿರೋ ಮಾತು.

ಇನ್ನು ಕಾನೂನಿನ ವಿಚಾರ. 1958ರ ಜನವರಿ ಒಂದರಿಂದ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಲಮು ಜಾರಿಗೆ ಬಂತು. ತಿದ್ದಿದ ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಕೆಳಗೆ ಇರಕೂಡದು. ಕಲಮಿನಲ್ಲಿ ಯಾವ ಜನದ ಹೆಸರೂ ಇರಲಿಲ್ಲ. ಇಂಥ ಕಲಮುಗಳಲ್ಲಿ ಹೆಸರು ಇರೋದೇ ಇಲ್ಲ. ಆದರೆ ತಗ್ಗಾದ ಕಾರು ಓಡಿಸ್ತಿದ್ದೋರು ಯಾರು ಅಂತ ರಸ್ತೆಯಲ್ಲಿ ನಿಂತ ಪೊಲೀಸಿಗೆ ಗೊತ್ತಿತ್ತು. ಕಾರು ನಿಲ್ಲಿಸೋಕೆ ಅವನ ಕೈಗೆ ಒಂದು ಅಳತೆಪಟ್ಟಿ ಸಿಕ್ಕಿತು.

ಮರು ವರ್ಷವೇ, 1959ರಲ್ಲಿ, ರಾನ್ ಅಗೀರೆ ಅನ್ನೋ ಹುಡುಗ ಇದಕ್ಕೆ ಉಪಾಯ ಹುಡುಕಿದ. ಅವನ ಕಾರು ಕಾರ್ವೆಟ್, ಎಕ್ಸ್-ಸೋನಿಕ್ ಅಂತ ಅದಕ್ಕೆ ಹೆಸರಿಟ್ಟಿದ್ದ. ಯುದ್ಧ ಮುಗಿದ ಮೇಲೆ ವಿಮಾನದ ಹಳೇ ಬಿಡಿಭಾಗಗಳು ಅಲ್ಲಿ ಗುಜರಿಗೆ ಬರ್ತಿದ್ದವು. ಅದರೊಳಗಿನ ಹೈಡ್ರಾಲಿಕ್ ಪಂಪು, ವಾಲ್ವುಗಳನ್ನ ಅವನು ಕಾರಿಗೆ ಕೂರಿಸಿದ. ಸ್ವಿಚ್ಚು ಒತ್ತಿದರೆ ಕಾರು ಏಳುತ್ತೆ, ಇನ್ನೊಮ್ಮೆ ಒತ್ತಿದರೆ ಇಳಿಯುತ್ತೆ. ಪೊಲೀಸ್ ಕಂಡನೋ, ಕಾರು ಕಾನೂನಿನಷ್ಟು ಎತ್ತರ. ಪೊಲೀಸ್ ಹೋದನೋ, ಕಾರು ತನ್ನಿಷ್ಟದಷ್ಟು ತಗ್ಗು.

ಇದು ಕೆಲಸ ಮಾಡೋ ರೀತಿ ಕಷ್ಟದ್ದೇನಲ್ಲ. ಟಿಪ್ಪರ್ ಲಾರಿ ಮರಳು ಸುರಿಯೋದನ್ನ ನೀವೆಲ್ಲ ನೋಡಿದ್ದೀರಿ. ಪಂಪು ಎಣ್ಣೆಯನ್ನ ಒತ್ತಡದಿಂದ ಕೊಳವೆಗೆ ತಳ್ಳುತ್ತೆ, ಕೊಳವೆಯೊಳಗಿನ ದಂಡ ಮೇಲೆ ಬರುತ್ತೆ, ತೊಟ್ಟಿ ಏಳುತ್ತೆ. ಇಲ್ಲೂ ಅದೇ. ಡಿಕ್ಕಿಯಲ್ಲಿ ಸಾಲಾಗಿ ಬ್ಯಾಟರಿಗಳು, ಅವುಗಳಿಂದ ಓಡೋ ಮೋಟಾರು, ಪಂಪು, ಎಣ್ಣೆಯ ಡಬ್ಬಿ. ಅಲ್ಲಿಂದ ಒಂದೊಂದು ಚಕ್ರದ ಸ್ಪ್ರಿಂಗಿನ ಹತ್ತಿರಕ್ಕೂ ಪೈಪು. ಎಣ್ಣೆ ಹೋದರೆ ಆ ಮೂಲೆ ಏಳುತ್ತೆ, ವಾಲ್ವು ತೆರೆದು ಎಣ್ಣೆ ವಾಪಸು ಬಿಟ್ಟರೆ ಆ ಮೂಲೆ ಇಳಿಯುತ್ತೆ. ಸ್ವಿಚ್ಚುಗಳು ಡ್ರೈವರಿನ ಕೈಯಲ್ಲಿ. ಮುಂದೆ ಬಗ್ಗಿಸಬಹುದು, ಹಿಂದೆ ಕೂರಿಸಬಹುದು, ಒಂದು ಮಗ್ಗುಲಿಗೆ ವಾಲಿಸಬಹುದು, ಒಂದು ಚಕ್ರ ಗಾಳಿಯಲ್ಲಿಟ್ಟು ಮೂರರ ಮೇಲೆ ಓಡಿಸಬಹುದು. ಆಮೇಲೆ ಬ್ಯಾಟರಿ ಹೆಚ್ಚಿಸಿ ಮುಂಭಾಗವನ್ನ ನೆಲದಿಂದ ಜಿಗಿಸೋಕೆ ಶುರುಮಾಡಿದರು. ಯಾರ ಕಾರು ಎಷ್ಟು ಎತ್ತರ ಜಿಗೀತು ಅಂತ ಪಕ್ಕದಲ್ಲಿ ಕೋಲು ಹಿಡಿದು ಅಳೆಯೋ ಪಂದ್ಯಗಳೇ ಬಂದವು. ಕಪ್ಪು ಜನರ ಹುಡುಗರೂ ಇದನ್ನ ತಮ್ಮದು ಮಾಡಿಕೊಂಡರು. ಲಾಸ್ ಏಂಜಲೀಸ್‌ನ ಕ್ರೆನ್‌ಶಾ ರಸ್ತೆಯ ಲೋರೈಡರ್‌ಗಳು ಹೆಸರುವಾಸಿ.

ಇದಕ್ಕೆ ಎಲ್ಲರಿಗೂ ಅಚ್ಚುಮೆಚ್ಚಿನ ಕಾರು ಇಂಪಾಲ. 1958ರಲ್ಲಿ ಬಂದದ್ದು. 1964ರವರೆಗಿನ ಇಂಪಾಲಗಳ ಅಡಿಗಟ್ಟು ಎಕ್ಸ್ ಅಕ್ಷರದ ಆಕಾರದಲ್ಲಿತ್ತು, ತಗ್ಗಿಸೋಕೆ ಒಗ್ಗುತ್ತಿತ್ತು. ಹಳೇ ಹಿಂದಿ ಸಿನಿಮಾಗಳಲ್ಲಿ ಸಾಹುಕಾರ ಬಂದು ಇಳಿಯೋದು ಇಂಪಾಲದಿಂದ. ಅದೇ ಇಂಪಾಲದಲ್ಲಿ ಅಲ್ಲಿ ಕೂಲಿಕಾರನ ಮಗ ಹೆಂಡತಿ ಮಕ್ಕಳನ್ನ ಕೂರಿಸಿಕೊಂಡು ಭಾನುವಾರ ಬೀದಿ ಸುತ್ತಿದ. ಇಂಪಾಲ ಅಂದರೆ ಆಫ್ರಿಕಾದ ಒಂದು ಜಿಂಕೆ, ಜಿಗಿಯೋದರಲ್ಲಿ ಎತ್ತಿದ ಕೈ. ಕಂಪನಿಯವರು ಇಟ್ಟ ಹೆಸರನ್ನ ಈ ಹುಡುಗರು ನಿಜ ಮಾಡಿದರು.

ಬಣ್ಣದ ಕೆಲಸ ಹೇಳದೆ ಮುಂದೆ ಹೋಗೋಕಾಗಲ್ಲ. ಮೊದಲು ಮೈಯ ತಗ್ಗು ತೆವರೆಲ್ಲ ಬಡಿದು ಸಮ ಮಾಡಬೇಕು. ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಕನ್ನಡಿ ಮಾಡಬೇಕು. ಅದರ ಮೇಲೆ ಬೆಳ್ಳಿಯೋ ಬಂಗಾರವೋ ಬಣ್ಣದ ತಳಪದರ. ಅದರ ಮೇಲೆ ಬೆಳಕು ಹಾಯೋ ಹಾಗೆ ತೆಳುವಾದ ಕೆಂಪೋ ನೀಲಿಯೋ, ಒಂದಲ್ಲ ಹತ್ತಾರು ಪದರ. ಬಿಸಿಲು ಮೇಲಿನ ಬಣ್ಣ ದಾಟಿ ಹೋಗಿ ಕೆಳಗಿನ ಬೆಳ್ಳಿಗೆ ತಾಗಿ ಹೊರಗೆ ಬರುತ್ತೆ. ಪೆಪ್ಪರಮೆಂಟಿನ ಹೊಳಪು ಅಂದೆವಲ್ಲ, ಅದರ ಗುಟ್ಟು ಇದು. ಕೆಲವರು ಲೋಹದ ಪುಡಿ ಬೆರೆಸ್ತಾರೆ, ಎಳೆ ಎಳೆಯಾಗಿ ಗೆರೆ ಬಿಡಿಸ್ತಾರೆ. ಬಾನೆಟ್ಟಿನ ಮೇಲೆ, ಡಿಕ್ಕಿಯ ಮುಚ್ಚಳದ ಮೇಲೆ ಚಿತ್ರಗಳು – ಗ್ವಾದಲೂಪೆಯ ಮಾತೆ, ಆಸ್ಟೆಕ್ ವೀರರು, ಸತ್ತುಹೋದ ತಾಯಿ, ಯುದ್ಧದಲ್ಲಿ ಸತ್ತ ತಮ್ಮ. ಶಾಲೆ ಹೇಳಿಕೊಡದ ಚರಿತ್ರೆ ಕಾರಿನ ಮೈಮೇಲೆ ಬಂತು. ಒಳಗೆ ಮಕಮಲ್ಲಿನ ಸೀಟು, ಸರಪಳಿ ಬೆಸೆದು ಮಾಡಿದ ಸಣ್ಣ ಸ್ಟೇರಿಂಗು.

ಇವುಗಳಲ್ಲಿ ಬಹಳ ಹೆಸರಾದ ಕಾರು ಜಿಪ್ಸಿ ರೋಸ್. 1964ರ ಇಂಪಾಲ. ಇಂಪೀರಿಯಲ್ಸ್ ಅನ್ನೋ ಕಾರು ಸಂಘದ ಜೆಸ್ಸಿ ವಲಾದೆಸ್ ಅವರದ್ದು. ವಾಲ್ಟ್ ಪ್ರೇ ಅನ್ನೋ ಬಣ್ಣಗಾರ ಅದರ ನಸುಗೆಂಪು ಮೈತುಂಬ ಗುಲಾಬಿ ಹೂ ಬಿಡಿಸಿದರು. 1974ರಲ್ಲಿ ಶುರುವಾದ ಒಂದು ಟೆಲಿವಿಷನ್ ಧಾರಾವಾಹಿಯ ಮೊದಲ ದೃಶ್ಯಗಳಲ್ಲಿ ಆ ಕಾರು ಬೀದಿಯಲ್ಲಿ ಹೋಗೋದನ್ನ ಇಡೀ ಅಮೆರಿಕಾ ನೋಡಿತು.

ಆ ಬೀದಿ ವಿಟ್ಟಿಯರ್ ಬುಲೆವಾರ್ಡ್. ಲಾಸ್ ಏಂಜಲೀಸ್‌ನ ಪೂರ್ವಕ್ಕಿರೋ ಚಿಕಾನೋಗಳ ಪೇಟೆ ಬೀದಿ. ಅದು ಬರೀ ಮೆರವಣಿಗೆ ನೋಡಿದ ಬೀದಿಯಲ್ಲ. ವಿಯೆಟ್ನಾಂ ಯುದ್ಧದಲ್ಲಿ ನಮ್ಮ ಹುಡುಗರೇ ಯಾಕೆ ಹೆಚ್ಚು ಸಾಯಬೇಕು ಅಂತ ಕೇಳಿ 1970ರ ಆಗಸ್ಟ್ 29ರಂದು ಸಾವಿರ ಸಾವಿರ ಚಿಕಾನೋಗಳು ಅಲ್ಲಿ ನಡೆದರು. ಪೊಲೀಸರು ಲಾಠಿ, ಅಶ್ರುವಾಯು ತಂದರು. ಅದೇ ಬೀದಿಯ ಸಿಲ್ವರ್ ಡಾಲರ್ ಅನ್ನೋ ಪಾನಗೃಹದಲ್ಲಿ ಕೂತಿದ್ದ ಪತ್ರಕರ್ತ ರೂಬೆನ್ ಸಲಾಸಾರ್ ಅವರ ತಲೆಗೆ ಪೊಲೀಸ್ ಅಧಿಕಾರಿ ಹಾರಿಸಿದ ಅಶ್ರುವಾಯು ಶೆಲ್ಲು ಬಡಿದು ಅವರು ಸತ್ತರು. ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಆಮೇಲೂ ಅದೇ ಬೀದಿಯಲ್ಲಿ ಹುಡುಗರು ಕಾರು ತಂದು ನಿಧಾನಕ್ಕೆ ಓಡಿಸಿದರು. ಇದು ನಮ್ಮ ಬೀದಿ, ನಾವು ಇಲ್ಲಿದ್ದೇವೆ ಅಂತ ಬಾಯಿ ಬಿಡದೆ ಹೇಳಿದ ಹಾಗೆ.

ಸಹಿಸಿದರೆ? ಇಲ್ಲ. 70ರ ದಶಕದ ಕೊನೆಗೆ ಪೊಲೀಸರು ಆ ಬೀದಿಗೆ ತಡೆ ಹಾಕಿದರು. 80ರ ದಶಕದಲ್ಲಿ ನಿಧಾನವಾಗಿ ಬೀದಿ ಸುತ್ತೋದನ್ನೇ ನಿಷೇಧಿಸೋ ಅಧಿಕಾರ ಊರೂರಿನ ಆಡಳಿತಕ್ಕೆ ಸಿಕ್ಕಿತು. ವೇಗವಾಗಿ ಹೋದರೆ ದಂಡ ಅಂತ ಕೇಳಿದ್ದೇವೆ. ನಿಧಾನವಾಗಿ ಹೋದದ್ದಕ್ಕೆ ದಂಡ! ಲೋರೈಡರ್ ಅಂದರೆ ಪುಂಡ, ಗ್ಯಾಂಗಿನವನು ಅಂತ ಸಿನಿಮಾಗಳೂ ತೋರಿಸಿದವು. ಅವನು ಹಗಲೆಲ್ಲ ಕಾರ್ಖಾನೆಯಲ್ಲಿ ದುಡಿಯೋನು ಅಂತ ತೋರಿಸಲಿಲ್ಲ.

ಹುಡುಗರು ಸಂಘ ಕಟ್ಟಿಕೊಂಡರು. 1962ರಲ್ಲಿ ರುವೆಲಾಸ್ ಸಹೋದರರು ಕಟ್ಟಿದ ಡ್ಯೂಕ್ಸ್ ಸಂಘ ಹಳೆಯದರಲ್ಲಿ ಒಂದು. ಪ್ರತಿ ಸಂಘಕ್ಕೂ ಎರಕ ಹೊಯ್ದ ಒಂದು ಹೆಸರಿನ ಫಲಕ, ಕಾರಿನ ಹಿಂದಿನ ಗಾಜಿನಲ್ಲಿ ಅದನ್ನ ಇಡ್ತಾರೆ. 1977ರಲ್ಲಿ ಸ್ಯಾನ್ ಹೋಸೆ ವಿಶ್ವವಿದ್ಯಾಲಯದ ಮೂರು ವಿದ್ಯಾರ್ಥಿಗಳು – ಲ್ಯಾರಿ ಗೊನ್ಸಾಲೆಸ್, ಸನ್ನಿ ಮದ್ರಿದ್, ಡೇವಿಡ್ ನೂನ್ಯೆಸ್ – 'ಲೋರೈಡರ್' ಅಂತಲೇ ಒಂದು ಪತ್ರಿಕೆ ತಂದರು. ದೊಡ್ಡ ಪತ್ರಿಕೆಗಳು ನಮ್ಮ ಮುಖ ತೋರಿಸಲ್ಲ, ನಾವೇ ತೋರಿಸೋಣ ಅಂತ ಹೊರಟರು. ಅದರ ಮುದ್ರಣ ನಿಂತದ್ದು 2019ರ ಕೊನೆಗೆ. ಸ್ಟೆನ್ಸಿಲ್ ಕೊರೆದು, ಮಸಿ ಮೆತ್ತಿಕೊಂಡು, ಸಭೆಗಳಲ್ಲಿ ನಿಂತು ಪತ್ರಿಕೆ ಮಾರೋ ನಮಗೆ ಅವರು ದೂರದ ನೆಂಟರ ಹಾಗೆ ಕಾಣ್ತಾರೆ.

ಆಮೇಲೆ ಕಾಲ ತಿರುಗಿತು. ನ್ಯೂ ಮೆಕ್ಸಿಕೋದ ಚಿಮಯೋ ಅನ್ನೋ ಹಳ್ಳಿಯ ಡೇವಿಡ್ ಹರಮಿಯೋ 1969ರ ಫೋರ್ಡ್ ಕಾರೊಂದನ್ನ ತಿದ್ದೋಕೆ ಶುರುಮಾಡಿ 1978ರಲ್ಲಿ ಅಪಘಾತದಲ್ಲಿ ತೀರಿಕೊಂಡ. ಅವನ ಮನೆಯವರು ಕೆಲಸ ಮುಗಿಸಿ ಅದಕ್ಕೆ 'ಡೇವನ ಕನಸು' ಅಂತ ಹೆಸರಿಟ್ಟರು. 1990ರಲ್ಲಿ ಅಮೆರಿಕಾದ ರಾಷ್ಟ್ರೀಯ ಚರಿತ್ರೆಯ ಮ್ಯೂಸಿಯಂ ಆ ಕಾರನ್ನ ತಗೊಂಡಿತು. 2017ರಲ್ಲಿ ಜಿಪ್ಸಿ ರೋಸನ್ನ ರಾಜಧಾನಿ ವಾಷಿಂಗ್ಟನ್ನಿನ ನಟ್ಟನಡುವೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸಿದರು. ಜೆಸ್ಸಿ ವಲಾದೆಸ್ ನೋಡೋಕೆ ಇರಲಿಲ್ಲ, 2011ರಲ್ಲೇ ತೀರಿಕೊಂಡಿದ್ದರು. ಕೊನೆಗೆ 2023ರಲ್ಲಿ ಕ್ಯಾಲಿಫೋರ್ನಿಯಾ ಹೊಸ ಕಾನೂನು ಮಾಡಿತು. 2024ರ ಜನವರಿ ಒಂದರಿಂದ ಬೀದಿ ಸುತ್ತೋದರ ಮೇಲಿನ ನಿಷೇಧವೂ ಹೋಯಿತು, 1958ರ ಆ ಅಳತೆಪಟ್ಟಿಯೂ ಹೋಯಿತು. 66 ವರ್ಷ ಬೇಕಾಯಿತು. ಲೋರೈಡರ್ ಸಂಘಗಳವರೇ ಸಭೆ ಮಾಡಿ, ಅರ್ಜಿ ಹಾಕಿ, ಊರಿಂದೂರಿಗೆ ಓಡಾಡಿ ಅದನ್ನ ಪಡೆದರು. ತಾನಾಗಿ ಯಾರೂ ಕೊಡಲಿಲ್ಲ.

ಇಷ್ಟೆಲ್ಲ ಹೇಳಿ ಬರೀ ಹೊಗಳಿ ಕೂತರೆ ಅದು ಭಟ್ಟಂಗಿತನ. ಕೇಳಬೇಕಾದ ಪ್ರಶ್ನೆಗಳನ್ನೂ ಕೇಳೋಣ. ಆ ಪತ್ರಿಕೆಯ ಮುಖಪುಟದಲ್ಲಿ ವರ್ಷಗಟ್ಟಲೆ ಅರೆಬಟ್ಟೆಯ ಹೆಣ್ಣನ್ನ ಕಾರಿನ ಪಕ್ಕ ನಿಲ್ಲಿಸಿದರು. ತನ್ನ ಮಾನಕ್ಕೆ ಹೋರಾಡೋ ಗಂಡಸು ಹೆಣ್ಣನ್ನ ಕಾರಿನ ಒಡವೆ ಮಾಡಿದ. ಹೆಣ್ಣುಮಕ್ಕಳು ಸುಮ್ಮನಿರಲಿಲ್ಲ, ತಾವೇ ಸ್ಪ್ಯಾನರ್ ಹಿಡಿದರು, ತಮ್ಮದೇ ಸಂಘ ಕಟ್ಟಿದರು. ಇನ್ನೊಂದು, ಪ್ರದರ್ಶನದ ಕಾರು. ಅಡಿಭಾಗಕ್ಕೂ ಕ್ರೋಮಿಯಂ ಹೊದಿಸಿ, ಕೆಳಗೆ ಕನ್ನಡಿ ಇಟ್ಟು, ತೀರ್ಪುಗಾರರ ಅಂಕಕ್ಕೆ ಕಾಯೋ ಕಾರು. ಕೆಲವು ರಸ್ತೆ ತುಳಿಯೋದೇ ಇಲ್ಲ, ಟ್ರೇಲರಿನ ಮೇಲೆ ಬರ್ತಾವೆ, ಟ್ರೇಲರಿನ ಮೇಲೆ ಹೋಗ್ತಾವೆ. ಬೀದಿಗಾಗಿ ಹುಟ್ಟಿದ್ದು ಬೀದಿಗೇ ಹೊರಗಾಯಿತು. ಒಂದು ಕಾಲಕ್ಕೆ ಗುಜರಿ ಬೆಲೆಗೆ ಸಿಗ್ತಿದ್ದ 1964ರ ಇಂಪಾಲ ಇವತ್ತು ಹಣವಂತರ ಸಂಗ್ರಹದ ವಸ್ತು. ಮಾರುಕಟ್ಟೆ ಬಡವನ ಕಲೆಯನ್ನ ಮೆಚ್ಚಿದರೆ ಮೊದಲು ಬಡವನ ಕೈಗೆ ಅದು ಎಟುಕದ ಹಾಗೆ ಮಾಡುತ್ತೆ. ಕಾರು ಹೊಳೆದ ಮಾತ್ರಕ್ಕೆ ಕೂಲಿ ಹೆಚ್ಚಲಿಲ್ಲ, ಕಾರ್ಖಾನೆ ಮುಚ್ಚೋದು ನಿಲ್ಲಲಿಲ್ಲ. ಅದಕ್ಕೆ ಯೂನಿಯನ್ ಬೇಕು, ಶಾಲೆ ಬೇಕು, ಓಟು ಬೇಕು.

ಹಾಗಾದರೆ ಅಲಂಕಾರ ಬರೀ ಶೋಕಿಯೇ? ಕೇಳಿದ ಪ್ರಶ್ನೆಗೆ ವಾಪಸು ಬಂದೆವು. ಅಲ್ಲ ಅಂತ ನಮ್ಮ ಅಭಿಪ್ರಾಯ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ನಮ್ಮ ಹೆಣ್ಣುಮಕ್ಕಳಿಗೆ ಏನು ಹೇಳಿದರು? ಅಸ್ಪೃಶ್ಯರು ಅಂತ ದೂರದಿಂದಲೇ ಗುರುತು ಹಿಡಿಯೋ ಹಾಗೆ ಮಾಡೋ ಉಡುಗೆ ತೊಡುಗೆ ಬಿಡಿ ಅಂದರು. ಸೀರೆ ಉಡೋ ರೀತಿಯೂ ಹೋರಾಟ ಅಂತ ಅವರಿಗೆ ಗೊತ್ತಿತ್ತು. ಇವತ್ತಿಗೂ ನಮ್ಮ ದೇಶದಲ್ಲಿ ಕುದುರೆ ಏರಿದ ದಲಿತ ಮದುಮಗನಿಗೆ ಕಲ್ಲು ಬೀಳುತ್ತೆ. ಕುದುರೆಯಿಂದ ಯಾರಿಗೂ ನಷ್ಟ ಇಲ್ಲ. ಅವನು ಎಲ್ಲರ ಕಣ್ಣಿಗೂ ಚೆಂದ ಕಾಣ್ತಿದಾನೆ, ನಿಧಾನವಾಗಿ ಊರ ನಡುವೆ ಹೋಗ್ತಿದಾನೆ, ಅದೇ ತಪ್ಪು. ಜೂಟ್ ಸೂಟ್ ಹರಿದವರಿಗೂ ಕಾರಿನ ಕೆಳಗೆ ಅಳತೆಪಟ್ಟಿ ಇಟ್ಟವರಿಗೂ ಸಿಟ್ಟು ಬಂದದ್ದು ಇದಕ್ಕೇ. ಬಡವ ದುಡಿಯಲಿ, ಹಸಿಯಲಿ, ಕನಿಕರಕ್ಕೆ ಕೈಯೊಡ್ಡಲಿ, ಅವರಿಗೆ ಅಡ್ಡಿಯಿಲ್ಲ. ಬಡವ ಚೆಂದ ಕಂಡರೆ ತಡೆಯೋಕಾಗಲ್ಲ.

ನಾವು ಕಾರು ಕೊಳ್ಳೋಣ ಅಂತ ಹೇಳ್ತಿಲ್ಲ ಗೆಳೆಯರೆ. ನಮ್ಮ ಅಪ್ಪಂದಿರ ಕೈಯಲ್ಲೂ ಕಸುಬಿದೆ. ತಮಟೆ ಹದ ಮಾಡೋ ಕೈ, ಚರ್ಮ ಹೊಲಿಯೋ ಕೈ, ಗ್ಯಾರೇಜಿನಲ್ಲಿ ಗ್ರೀಸು ಮೆತ್ತಿದ ಕೈ. ಓದಿದ ನಾವು ಆ ಕೈಗಳನ್ನ ಹಾಸ್ಟೆಲಿನ ಗೇಟಿನ ಹೊರಗೆ ಬಿಟ್ಟು ಬರ್ತಿದ್ದೇವೆ. ಆ ಕಸುಬನ್ನ ಹೊರಿಸಿದ ವ್ಯವಸ್ಥೆಯನ್ನ ಒಡೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೈಯ ಜಾಣತನಕ್ಕೆ ನಾಚಬೇಕಾಗಿಲ್ಲ. ಚಿಕಾನೋ ಮಕ್ಕಳು ಒಂದು ಕಡೆ ಶಾಲೆ ಬಿಟ್ಟು ಬೀದಿಗಿಳಿದು ಕಾಲೇಜು ಕೇಳಿದರು. ಇನ್ನೊಂದು ಕಡೆ ಸ್ಪ್ಯಾನರನ್ನೂ ಕೈಬಿಡಲಿಲ್ಲ. ಎರಡೂ ಬೇಕು ಅಂದರು.

ಕಾರನ್ನ ಎಷ್ಟು ತಗ್ಗಿಸಬೇಕು ಅನ್ನೋದನ್ನ ಅವರು ತೀರ್ಮಾನ ಮಾಡಿದರು, ಸ್ವಿಚ್ಚನ್ನ ತಮ್ಮ ಕೈಯಲ್ಲಿ ಇಟ್ಟುಕೊಂಡರು. ನಮ್ಮ ಬದುಕಿನ ಸ್ವಿಚ್ಚು ಯಾರ ಕೈಯಲ್ಲಿದೆ ಅಂತ ರಾತ್ರಿ ಊಟದ ಸಾಲಿನಲ್ಲಿ ನಿಂತಾಗ ಮಾತಾಡಿಕೊಳ್ಳಿ. ಇಷ್ಟು ಹೇಳಿ ಮಾತು ಮುಗಿಸ್ತೇವೆ.